ಟ್ರ್ಯಾಕ್ಟರ್‌ಗೆ ಜಿಪಿಎಸ್ ಸ್ಟೀರಿಂಗ್ ಹಾಕಿಸೋಕೆ ಮೊದಲು ಇದನ್ನ ಓದಿ, ದಯವಿಟ್ಟು

ದಾವಣಗೆರೆ, ಜಗಳೂರು, ಚಳ್ಳಕೆರೆ ಕಡೆ ಆಟೊ ಸ್ಟೀರಿಂಗ್ ಕಿಟ್ ತಗೊಳ್ಳೋರು ಅಡ್ವಾನ್ಸ್ ಕೊಡೋ ಮುಂಚೆ ಒಂದೇ ಮಾತು ಕೇಳಿ: ಕರೆಕ್ಷನ್ (ಜಿಪಿಎಸ್ ತಪ್ಪು ತಿದ್ದೋ ಸಿಗ್ನಲ್) ಎಲ್ಲಿಂದ ಬರುತ್ತೆ, ಅದರ ದುಡ್ಡು ಯಾರು ಕಟ್ಟೋದು? ನಮ್ಮ ಮೆಕ್ಕೆಜೋಳದ ಸಾಲು ಹಾಳಾಗಿದ್ದು ಇಲ್ಲೇ.

ಡೆಮೊ ದಿನ ಕಿಟ್ ಮಾರೋರು ಬದುವಿನ ಮೇಲೆ ಸ್ಟ್ಯಾಂಡ್ ನಿಲ್ಲಿಸಿ ಆಂಟೆನಾ ಇಟ್ಟಿದ್ರು. ಅದೇ ಬೇಸ್. ಸ್ಯಾಟಲೈಟ್ ಲೆಕ್ಕದಲ್ಲಿ ಎಷ್ಟು ತಪ್ಪು ಬರ್ತಿದೆ ಅಂತ ಅದು ನಿಂತಲ್ಲೇ ತಿಳ್ಕೊಂಡು ಟ್ರ್ಯಾಕ್ಟರ್‌ಗೆ ಕಳಿಸುತ್ತೆ. ಆರ್‌ಟಿಕೆ ಅನ್ನೋದು ಇದನ್ನೇ, 2-3 ಸೆಂ.ಮೀ. ಲೆಕ್ಕ ಬರೋದೂ ಇದರಿಂದಲೇ. ಇದಿಲ್ಲದ ಬರೀ ಜಿಪಿಎಸ್ ಮೀಟರುಗಟ್ಟಲೆ ತಪ್ಪುತ್ತೆ. ನಮ್ಮ ದೇಶದ ಸ್ಯಾಟಲೈಟ್ ಕಳಿಸೋ 'ಗಗನ್' ಕರೆಕ್ಷನ್ ಸಿಗ್ನಲ್ ಸಿಕ್ಕಿದ್ರೂ 60 ಸೆಂ.ಮೀ. ಸಾಲಿಗೆ ಆಗಲ್ಲ, ಅದು ವಿಮಾನಕ್ಕೆ ಅಂತ ಮಾಡಿದ್ದು.

ಡೆಮೊದಲ್ಲಿ ಸಾಲು ದಾರ ಹಿಡಿದಂಗೆ ಬಂತು. ಕಿಟ್ ಫಿಟ್ ಮಾಡೋವಾಗ ಆ ಬೇಸ್ ಡಬ್ಬಿಯಲ್ಲೇ ಇಲ್ಲ. ಕೇಳಿದ್ರೆ, "ಅದೆಲ್ಲ ಹಳೇದು ಸರ್, ಸಿಮ್ ಹಾಕಿದ್ರೆ ನೆಟ್‌ನಲ್ಲೇ ಬರುತ್ತೆ." ನೆಟ್‌ನಲ್ಲಿ ಬರೋದು ನಿಜ. ಸರ್ವೆ ಆಫ್ ಇಂಡಿಯಾದ ಕಾರ್ಸ್ ಅನ್ನೋ ಕಾಯಂ ಬೇಸ್ ಸ್ಟೇಷನ್‌ಗಳು ಕರ್ನಾಟಕದಲ್ಲೂ ಇವೆ. ಆದ್ರೆ ಅದಕ್ಕೆ ಲಾಗಿನ್ ಬೇಕು, ಹೊಲದಲ್ಲಿ ಟವರ್ ಸಿಗಬೇಕು. ಇವರು ಹಾಕಿಕೊಟ್ಟಿದ್ದು ಟ್ರಯಲ್ ಲಾಗಿನ್! ಒಂದು ಮಾತು ಹೇಳಿಲ್ಲ.

ಬಿತ್ತನೆ ನಡುವೆ ಅದು ಮುಗಿದಿದೆ. ಪರದೆ ಮೇಲೆ ಗೆರೆ ನೆಟ್ಟಗೇ ಇತ್ತು, ಸ್ಟೀರಿಂಗ್ ತಾನೇ ತಿರುಗ್ತಾನೇ ಇತ್ತು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಫಿಕ್ಸ್' (ಸೆಂ.ಮೀ. ಲೆಕ್ಕ ಸರಿ ಇದೆ ಅಂತ) ಹೋಗಿ 'ಫ್ಲೋಟ್' (ಆ ಲೆಕ್ಕ ತಪ್ಪಿದೆ ಅಂತ) ಬಂದಿದ್ದು ಬಿಟ್ರೆ ಬೇರೆ ಸೂಚನೆ ಇಲ್ಲ, ಸೌಂಡೂ ಇಲ್ಲ. ಪೈರು ಎದ್ದ ಮೇಲೆ ಟೇಪ್ ಹಿಡಿದ್ರೆ ಒಂದು ಸುತ್ತಿನ ಕೊನೇ ಸಾಲಿಗೂ ಪಕ್ಕದ ಸುತ್ತಿನ ಮೊದಲ ಸಾಲಿಗೂ 60 ಇರಬೇಕಾದ ಕಡೆ 44, 52, 79. ಎಡೆಕುಂಟೆ ಹೊಡೆದ್ರೆ ಕಳೆ ಜೊತೆ ಪೈರೂ ಬರುತ್ತೆ.

ಫೋನ್ ಮಾಡಿದಾಗ ಮೊದಲು "ಸ್ಯಾಟಲೈಟ್ ಪ್ರಾಬ್ಲಂ ಸರ್, ನಾಳೆ ಸರಿಹೋಗುತ್ತೆ." ಆಮೇಲೆ "ನಿಮ್ಮ ಡ್ರೈವರ್‌ಗೆ ಓಡ್ಸೋಕೆ ಬರಲ್ಲ." ಸ್ಟೀರಿಂಗ್ ಮುಟ್ಟಬೇಡ ಅಂತ ಹೇಳಿಕೊಟ್ಟವರೇ ಇವರು! ಆಮೇಲೆ "ನಿಮ್ಮ ಹೊಲ ಇಳಿಜಾರು." 3 ಮೀಟರ್ ಎತ್ತರದ ಆಂಟೆನಾ 5 ಡಿಗ್ರಿ ವಾಲಿದ್ರೆ 26 ಸೆಂ.ಮೀ. ಸರಿಯುತ್ತೆ, ಒಪ್ಪೋಣ. ಅದನ್ನ ಸರಿಮಾಡೋಕೇ ಅಲ್ವಾ ಟಿಲ್ಟ್ ಸೆನ್ಸರ್ ಅಂತ ದುಡ್ಡು ತಗೊಂಡಿದ್ದು? ಕೊನೆಗೆ ಬಾಯಿಬಿಟ್ಟಿದ್ದು: "ರಿನ್ಯೂವಲ್ ಕಟ್ಟಿ ಸರ್, ಎಲ್ಲಾ ಸರಿಹೋಗುತ್ತೆ." ಅಂದ್ರೆ ಮೊದಲ ಫೋನಿನಿಂದಲೂ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಡ್ರೈವರ್ ಮೇಲೆ ಹಾಕಿದ್ರು. ಹೊಟ್ಟೆ ಉರಿಯೋದು ಅದಕ್ಕೆ.

ತಗೊಳ್ಳೋದೇ ಆದ್ರೆ ಡೆಮೊ ನಿಮ್ಮ ಹೊಲದಲ್ಲೇ ಆಗಲಿ, ನಿಮಗೆ ಕೊಡೋ ಡಬ್ಬಿಯಿಂದಲೇ ಆಗಲಿ, ಅವರ ಬೇಸ್ ಆಫ್ ಇರಲಿ. ಗೆರೆ ಮೇಲೆ ಹೋಗಿ, ತಿರುಗಿಸಿಕೊಂಡು ಅದೇ ಗೆರೆ ಮೇಲೆ ವಾಪಸ್ ಬನ್ನಿ, ಗಾಲಿ ಗುರುತು ಒಂದರ ಮೇಲೊಂದು ಕೂರಬೇಕು. ಸುತ್ತು-ಸುತ್ತಿನ ನಡುವಿನ ಅಂತರ ಒಂದು ಅಗಲ, ಒಂದು ಕಿರಿದು ಅಂತ ಒಂದೇ ಅಳತೆಯಲ್ಲಿ ಬರ್ತಿದ್ರೆ ಆಂಟೆನಾ ಇಲ್ಲಾ ಕೂರಿಗೆ ನಡುಮಧ್ಯ ಇಲ್ಲ ಅಂತ, 5 ಸೆಂ.ಮೀ. ಸರಿದಿದ್ರೆ ಅಂತರದಲ್ಲಿ 10 ವ್ಯತ್ಯಾಸ ಕಾಣುತ್ತೆ. ಅದನ್ನ ಸೆಟ್ಟಿಂಗ್‌ನಲ್ಲಿ ಸರಿಮಾಡಬಹುದು. ಲೆಕ್ಕವಿಲ್ಲದೆ ಹಿಂದೆಮುಂದೆ ಆದ್ರೆ ಕರೆಕ್ಷನ್ ಬರ್ತಿಲ್ಲ. ಪರದೆಯಲ್ಲಿ ಕೂರಿಗೆ ಅಗಲ ತುಂಬುವಾಗ 60 ಸೆಂ.ಮೀ. ಅಂತರದ 4 ಸಾಲಿನ ಕೂರಿಗೆಗೆ 2.40 ಮೀಟರ್ ಹಾಕಿ. ತುದಿ ಸಾಲಿಂದ ತುದಿ ಸಾಲಿಗೆ ಅಳೆದು 1.80 ಹಾಕಿದ್ರೆ ಸಾಲಿನ ಮೇಲೆ ಸಾಲು ಬೀಳುತ್ತೆ. ಚನ್ನಗಿರಿ ಕಡೆಯೋರು ಅಡಿಕೆ ತೋಟದ ಪಕ್ಕದ ಹೊಲದಲ್ಲೂ ಓಡಿಸಿ ನೋಡಿ, ಮರದ ಮರೆಯಲ್ಲಿ ಫಿಕ್ಸ್ ತಪ್ಪುತ್ತೆ.

ಬಿಲ್‌ನಲ್ಲಿ ಲಾಗಿನ್ ಯಾರ ಹೆಸರಲ್ಲಿ, ಎಲ್ಲಿವರೆಗೆ, ವರ್ಷಕ್ಕೆ ಎಷ್ಟು ಅಂತ ಬರೆಸ್ಕೊಳ್ಳಿ. ನಮ್ಮ ಬಿಲ್‌ನಲ್ಲಿ 'ಆರ್‌ಟಿಕೆ ಕಿಟ್ 1' ಅಂತಷ್ಟೇ ಇದೆ. ವಾಪಸ್ ತಗೊಳ್ಳಿ ಅಂದ್ರೆ, ಫಿಟ್ ಆದ ಮಾಲು ವಾಪಸ್ ಇಲ್ವಂತೆ.