ಸ್ವಿಫ್ಟ್‌ಗೆ ಮಿಯಾಟಾದ ಅಲೈನ್‌ಮೆಂಟ್: ನಾಲ್ಕು ವರ್ಷ, ಎರಡು ಟೈರ್, ಮೂರು ಅಕ್ಕಿ ಚೀಲ

2018ರ ಪೆಟ್ರೋಲ್ ಸ್ವಿಫ್ಟ್ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದರ ವೀಲ್ ಅಲೈನ್‌ಮೆಂಟ್ ಜೊತೆ, ಅಂದರೆ ಚಕ್ರಗಳನ್ನು ಯಾವ ಕೋನಕ್ಕೆ ಕೂರಿಸಬೇಕು ಅನ್ನುವುದರ ಜೊತೆ, ನಾಲ್ಕು ವರ್ಷ ಗುದ್ದಾಡಿದ್ದನ್ನು ಮಾತ್ರ ಬರೆಯುತ್ತೇನೆ. ಮನೆ ಕಾರವಾರ, ಹೆಂಡತಿಯ ತವರು ಶಿರಸಿ. ಹದಿನೈದು ದಿನಕ್ಕೊಮ್ಮೆ ಸುಮಾರು 120 ಕಿ.ಮೀ. ಹೋಗಬೇಕು, ಅಷ್ಟೇ ದೂರ ಬರಬೇಕು. ಕುಮಟಾ ತನಕ ಹೆದ್ದಾರಿ, ಆಮೇಲೆ ದೇವಿಮನೆ ಘಾಟಿ. ಘಾಟಿ ಅಗಲ ಮಾಡುವ ಕೆಲಸಕ್ಕೆ ರಸ್ತೆ ಬಂದ್ ಆದಾಗ ಅಂಕೋಲಾದಿಂದಲೇ ತಿರುಗಿ ಅರಬೈಲ್, ಯಲ್ಲಾಪುರ ಸುತ್ತಿಕೊಂಡು ಹೋಗಿದ್ದೂ ಇದೆ.

ಹುಚ್ಚು ಹಿಡಿಸಿದ್ದು ದುಬೈಯಲ್ಲಿರುವ ಬಾವ. ಅವರ ಹತ್ತಿರ ಮಜ್ದಾ ಎಂಎಕ್ಸ್-5 ಇದೆ. ಮಿಯಾಟಾ ಅಂತಾರಲ್ಲ, ಅದೇ. ಎರಡೇ ಸೀಟು, ಬಿಚ್ಚುವ ಟಾಪು. ರಜೆಗೆ ಹೋದಾಗ ಜೆಬೆಲ್ ಜೈಸ್ ಬೆಟ್ಟದ ರಸ್ತೆಯಲ್ಲಿ ಒಂದು ಗಂಟೆ ಓಡಿಸಲು ಕೊಟ್ಟರು. ತಿರುವಿಗೆ ಬರುವ ಮೊದಲೇ ಕಾರು ತಿರುಗಿ ಕೂತಿರುತ್ತಿತ್ತು! ಊರಿಗೆ ಬಂದು ನನ್ನ ಸ್ವಿಫ್ಟ್ ಹತ್ತಿದರೆ ಎತ್ತಿನಗಾಡಿ ಹತ್ತಿದ ಹಾಗೆ ಆಯಿತು. ಆದರೆ ತೂಕ ನೋಡಿದರೆ ನನ್ನದು 900 ಕೆ.ಜಿ.ಯ ಒಳಗೆ, ಅವರದ್ದು ಒಂದು ಟನ್ ಹತ್ತಿರ. ಹಗುರ ನನ್ನದೇ, ಅಲ್ವಾ? ಹಾಗಾದರೆ ತಪ್ಪಿರುವುದು ಅಲೈನ್‌ಮೆಂಟಿನಲ್ಲೇ ಅಂತ ತೀರ್ಮಾನ ಮಾಡಿದೆ. ಬಾವನ ಹತ್ತಿರ ಅವರ ಅಲೈನ್‌ಮೆಂಟ್ ಚೀಟಿಯ ಫೋಟೋ ತರಿಸಿಕೊಂಡೆ.

ಚೀಟಿಯಲ್ಲಿ ಮುಂದಿನ ಚಕ್ರಕ್ಕೆ ಕ್ಯಾಂಬರ್ ಮೈನಸ್ 1.50, ಟೋ-ಔಟ್ ಒಂದೊಂದಕ್ಕೆ 0.10 ಅಂತ ಇತ್ತು. ಗೊತ್ತಿಲ್ಲದವರಿಗೆ: ಚಕ್ರದ ತಲೆ ಕಾರಿನ ಒಳಗೆ ವಾಲಿದರೆ ಮೈನಸ್ ಕ್ಯಾಂಬರ್. ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಹೊರಗೆ ನೋಡುತ್ತಿದ್ದರೆ ಟೋ-ಔಟ್, ಒಳಗೆ ನೋಡಿದರೆ ಟೋ-ಇನ್. ಮಿಯಾಟಾದಲ್ಲಿ ನಾಲ್ಕೂ ಚಕ್ರಕ್ಕೆ ಇದನ್ನೆಲ್ಲ ಬೋಲ್ಟ್ ತಿರುಗಿಸಿಯೇ ಬದಲಿಸಬಹುದು. ಸ್ವಿಫ್ಟಿನಲ್ಲಿ ಕಂಪನಿ ಬಿಟ್ಟುಕೊಟ್ಟಿರುವುದು ಮುಂದಿನ ಟೋ ಒಂದೇ. ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರ ಹಿಡಿದಿರುವ ಒಂದೇ ತೊಲೆ, ಅದು ಇದ್ದ ಹಾಗೇ ಇರುತ್ತದೆ. ಮುಂದಿನ ಕ್ಯಾಂಬರ್ ಬೇಕು ಅಂದರೆ ಸ್ಟ್ರಟ್ಟಿಗೆ (ಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರ್ ಕಂಬ) ಬೇರೆ ಕ್ಯಾಂಬರ್ ಬೋಲ್ಟ್ ಹಾಕಬೇಕು. ತರಿಸಿ ಹಾಕಿಸಿದೆ.

ಅಲೈನ್‌ಮೆಂಟ್ ಮಾಡಿಸಿದ ಅಂಗಡಿಯ ಹೆಸರು ಬೇಡ. ದೊಡ್ಡ ಪರದೆಯ ತ್ರೀಡಿ ಮಷಿನ್ ಇತ್ತು, 600 ರೂಪಾಯಿ ತೆಗೆದುಕೊಂಡರು. ನಾನು ಬಾವನ ಅಂಕಿ ಓದಿದೆ, ಹುಡುಗ ಹಾಗೇ ಕೂರಿಸಿದ. ಮೊದಲ ತಿಂಗಳು ಸ್ವರ್ಗ. ದೇವಿಮನೆಯಲ್ಲಿ ಸ್ಟೇರಿಂಗ್ ಚೂರು ಅಲ್ಲಾಡಿಸಿದರೆ ಮೂತಿ ಒಳಗೆ ಹೋಗುತ್ತಿತ್ತು. ಹೆದ್ದಾರಿಯಲ್ಲಿ ಮಾತ್ರ ಲಾರಿಯ ಗಾಲಿ ಒತ್ತಿ ಮಾಡಿದ ಗೆರೆ ಸಿಕ್ಕಿದಲ್ಲೆಲ್ಲ ಕಾರು ಅದರ ಹಿಂದೆಯೇ ಓಡುತ್ತಿತ್ತು, ನಾಯಿ ವಾಸನೆ ಹಿಡಿದು ಹೋದ ಹಾಗೆ. "ಎಂತಕ್ಕೆ ಹೀಗೆ ಎಳೆದಾಡ್ತದೆ?" ಅಂತ ಹೆಂಡತಿ ಕೇಳಿದಳು. ಸ್ಪೋರ್ಟ್ಸ್ ಕಾರು ಅಂದರೆ ಹಾಗೇ ಅಂದೆ.

8,000 ಕಿ.ಮೀ. ಆಗುವಷ್ಟರಲ್ಲಿ ಮುಂದಿನ ಎರಡೂ ಟೈರಿನ ಒಳ ಅಂಚು ಬೋಳು. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಳಗೆ ಬಗ್ಗಿ ನೋಡಿದವರಿಗೆ ಮಾತ್ರ ಕಾಣುವ ಸಂಗತಿ ಅದು. ಹತ್ತು ಸಾವಿರ ಹೋಯಿತು. ಅಂಗಡಿಗೆ ಹೋಗಿ ಕೇಳಿದರೆ, "ಸರ, ನೀವು ಹೇಳಿದ್ದೇ ಕೂರಿಸಿದ್ದು. ಮತ್ತೆಂತ?" ಅಂದ. ಉತ್ತರ ಕೊಡಲು ಆಗಲಿಲ್ಲ.

ಸಿಟ್ಟಿನಲ್ಲಿ ನಾನೇ ಅಳೆಯಲು ಕೂತೆ. ಇದೊಂದು ಕೆಲಸ ನನಗೆ ಎಷ್ಟು ಹಿಡಿಸಿತು ಅಂದರೆ ಈಗಲೂ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅದಕ್ಕೇ ಮೀಸಲು. ಅಂಗಳದ ಸಪಾಟು ಜಾಗದಲ್ಲಿ ಕಾರು ನಿಲ್ಲಿಸುತ್ತೇನೆ. ಮುಂದಿನ ಚಕ್ರದ ಅಡಿಗೆ ಎರಡೆರಡು ಟೈಲ್ಸ್, ನಡುವೆ ಗ್ರೀಸ್. ಚಕ್ರಕ್ಕೆ ಸಲೀಸಾಗಿ ಜಾರಲು ಬರಬೇಕು. ಕಾರಿನ ಎರಡೂ ಪಕ್ಕಕ್ಕೆ ಮೀನು ಹಿಡಿಯುವ ನೈಲಾನ್ ದಾರ ಕಟ್ಟುತ್ತೇನೆ. ಚಕ್ರದ ನಡುವಿನ ಎತ್ತರಕ್ಕೆ, ಎರಡೂ ದಾರ ಸಮಾನಾಂತರವಾಗಿ. ಆಮೇಲೆ ಸ್ಟೀಲ್ ಸ್ಕೇಲು ಹಿಡಿದು ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಅಂತ ಬರೆದುಕೊಳ್ಳುವುದು. ಆ ವ್ಯತ್ಯಾಸವೇ ಟೋ. ಅಷ್ಟರಲ್ಲಿ ಚಹಾ ತಣ್ಣಗಾಗಿರುತ್ತದೆ. ಪಕ್ಕದ ಮನೆ ಅಜ್ಜ ಬೇಲಿಯ ಮೇಲಿಂದ ನೋಡಿ, "ಬಲೆ ಹಾಕಿದ್ಯಾ? ಎಷ್ಟು ಬಿತ್ತು?" ಅಂತ ಕೇಳಿಯೇ ಹೋಗುತ್ತಾರೆ.

ಕೊನೆಗೆ ಟೈರಿನ ಮೈ ಮೇಲೆ ಅಂಗೈ ಸವರುವುದು. ಮೀನನ್ನು ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಬಾಲದಿಂದ ತಲೆಗೆ ಸವರಿದರೆ ಹುರುಪೆ ಚುಚ್ಚುತ್ತದಲ್ಲ, ಟೋ ತಪ್ಪಿದ ಟೈರೂ ಹಾಗೇ. ಹೊರಗಿನಿಂದ ಒಳಗೆ ಸವರುವಾಗ ಚುಚ್ಚಿದರೆ ಟೋ-ಔಟ್ ಜಾಸ್ತಿ. ಒಳಗಿನಿಂದ ಹೊರಗೆ ಸವರುವಾಗ ಚುಚ್ಚಿದರೆ ಟೋ-ಇನ್ ಜಾಸ್ತಿ. ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಕೈಗೆ ಗೊತ್ತಾಗುತ್ತದೆ.

ಲೆಕ್ಕದ ಪ್ರಕಾರ 0.10 ಡಿಗ್ರಿ ಅಂದರೆ ನನ್ನ 15 ಇಂಚಿನ ರಿಮ್ಮಿನಲ್ಲಿ ಸುಮಾರು 0.7 ಮಿ.ಮೀ. ವ್ಯತ್ಯಾಸ ಬರಬೇಕು. ಎಷ್ಟು ಸಲ ಅಳೆದರೂ ಒಂದು ಮಿ.ಮೀ. ದಾಟುತ್ತಿತ್ತು. ನನ್ನ ಸ್ಕೇಲೇ ಸರಿ ಇಲ್ಲ ಅಂದುಕೊಂಡೆ. ರಾತ್ರಿ ಅಂಗಡಿಯ ಚೀಟಿ ತೆಗೆದು ನೋಡಿದರೆ 10ರ ಪಕ್ಕದಲ್ಲಿ ಸಣ್ಣ ಗೀಟು. ಇಷ್ಟು ದಿನ ಇಂಕು ಚೆಲ್ಲಿದ್ದು ಅಂದುಕೊಂಡಿದ್ದೆ. ಅದು ಮಿನಿಟಿನ ಗುರುತು! ಬಾವನ ಚೀಟಿ ದಶಾಂಶದ್ದು, ಇಲ್ಲಿನ ಮಷಿನ್ ಡಿಗ್ರಿ-ಮಿನಿಟಿನದ್ದು. ಡಿಗ್ರಿಗೆ 60 ಮಿನಿಟು. 0.10 ಡಿಗ್ರಿ ಅಂದರೆ 6 ಮಿನಿಟು, ಅವನು ಕೂರಿಸಿದ್ದು 10. ಕ್ಯಾಂಬರ್ 1.50 ಅಂದರೆ 1 ಡಿಗ್ರಿ 30 ಮಿನಿಟು, ಅವನು ಬೋಲ್ಟನ್ನು ಕೊನೆಯವರೆಗೆ ತಿರುಗಿಸಿ 1 ಡಿಗ್ರಿ 50 ಮಿನಿಟು ಕೂರಿಸಿದ್ದ. ಹುಡುಗನನ್ನು ಏನಂತ ಬೈಯುವುದು? ಓದಿ ಹೇಳಿದ್ದು ನಾನೇ.

ಬಾವನಿಗೆ ಫೋನ್ ಮಾಡಿದರೆ ನಕ್ಕೂ ನಕ್ಕೂ ಸುಸ್ತಾದರು. ಆಮೇಲೆ ಸರಿಯಾದ ಮಾತೊಂದು ಹೇಳಿದರು: ಅಂಕಿ ಸರಿ ಓದಿದ್ದರೂ ಅದು ನಿನ್ನ ಕಾರಿಗಲ್ಲ. ಅವರದ್ದಕ್ಕೆ ಹಿಂದಿನ ಚಕ್ರ ತಳ್ಳುತ್ತದೆ. ಹಿಂದೆ ಚೂರು ಟೋ-ಇನ್ ಕೊಟ್ಟು ಬೆನ್ನು ಗಟ್ಟಿ ಮಾಡಿಕೊಂಡಿದ್ದಾರೆ, ಆ ಧೈರ್ಯದ ಮೇಲೆ ಮುಂದೆ ಟೋ-ಔಟ್. ಜೊತೆಗೆ ಅವರು ಓಡಿಸುವುದು ರಜೆಯ ದಿನ, ಬೆಟ್ಟದಲ್ಲಿ. ನನ್ನ ಕಾರನ್ನು ಮುಂದಿನ ಚಕ್ರಗಳೇ ಎಳೆಯಬೇಕು, ತಿರುಗಿಸಲೂಬೇಕು. ನನ್ನ ಓಡಾಟದಲ್ಲಿ ಮುಕ್ಕಾಲು ಪಾಲು ನೇರ ರಸ್ತೆ. ಬರುವಾಗ ಹಿಂದೆ ತೆಂಗಿನಕಾಯಿ, ಹಲಸಿನಹಣ್ಣು, ಅತ್ತೆ ಕೊಟ್ಟ ಅಪ್ಪೆಮಿಡಿ ಭರಣಿ.

ಎರಡನೇ ಸಲ ಬೇರೆ ಅಂಗಡಿ. ಸಣ್ಣದು, ಮಾಲೀಕನೇ ಕೆಲಸ ಮಾಡುತ್ತಾನೆ. ಉಪ್ಪುಗಾಳಿಗೆ ಟೋ ಬದಲಿಸುವ ಟೈ ರಾಡಿನ ನಟ್ ಕಚ್ಚಿ ಹಿಡಿದಿತ್ತು, ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಅವನೂ ಮೊದಲು, "ಎಲ್ಲ ಹಸಿರು ಬಂತಲ್ಲ ಸರ, ಸಾಕು" ಅಂದ. ಪರದೆಯಲ್ಲಿ ಹಸಿರು ಅಂದರೆ ಕಂಪನಿ ಹೇಳಿದ ಮಿತಿಯ ಒಳಗೆ ಅಂತ ಮಾತ್ರ. ಎಡಗಾಲಿ ಆ ಮಿತಿಯ ಒಂದು ತುದಿಯಲ್ಲಿ, ಬಲಗಾಲಿ ಇನ್ನೊಂದು ತುದಿಯಲ್ಲಿ ಇದ್ದರೂ ಹಸಿರೇ. ನನಗೆ ಎರಡೂ ಒಂದೇ ಬೇಕು ಅಂದೆ. ಮೊದಲು ಕ್ಯಾಂಬರ್, ಕೊನೆಗೆ ಟೋ, ಯಾಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ತಾನೇ ಓಡುತ್ತದೆ. ಡ್ರೈವರ್ ಸೀಟಿನಲ್ಲಿ 25 ಕೆ.ಜಿ.ಯ ಮೂರು ಅಕ್ಕಿ ಚೀಲ ಇಟ್ಟೆ. ನನ್ನ ತೂಕ ಹೆಚ್ಚುಕಮ್ಮಿ ಅಷ್ಟೇ. ಅವನು ಚೀಲ ನೋಡಿದ, ನನ್ನ ಹೊಟ್ಟೆ ನೋಡಿದ. "ಅಡ್ಡಿಲ್ಲೆ, ಇನ್ನೊಂದು ಚೀಲ ಇಡ್ಬಹುದಿತ್ತು" ಅಂದ.

ಎರಡೂ ಕಡೆ ಕ್ಯಾಂಬರ್ ಮೈನಸ್ 45 ಮಿನಿಟು, ಟೋ-ಇನ್ ಎರಡೂ ಸೇರಿ 4 ಮಿನಿಟು. ಬಾಯಿಬಿಟ್ಟು "ಮಿನಿಟು" ಅಂತಲೇ ಹೇಳಿದೆ, ಚೀಟಿಯಲ್ಲೂ ಬರೆಸಿದೆ. ಇದರ ಮೇಲೆ ಈಗ 31,000 ಕಿ.ಮೀ. ಆಗಿದೆ. ಟೈರಿನ ಒಳ ಅಂಚು, ಹೊರ ಅಂಚು ಎರಡೂ ಸಮ. ಜೆಬೆಲ್ ಜೈಸಿನ ಮಜಾ ಇಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಸ್ಟೇರಿಂಗ್ ನೆಟ್ಟಗೆ ಕೂತಿದೆ. ಅಂಕೋಲಾದಿಂದ ಕುಮಟಾ ತನಕ ಎರಡು ಬೆರಳಲ್ಲಿ ಹೋಗಬಹುದು.

ಕೈ ಪೂರ್ತಿ ಬಿಟ್ಟರೆ ಇನ್ನೂ ನಿಧಾನಕ್ಕೆ ಎಡಕ್ಕೆ ವಾಲುತ್ತದೆ. ಮಳೆನೀರು ಹರಿದುಹೋಗಲಿ ಅಂತ ರಸ್ತೆಯನ್ನೇ ಆ ಕಡೆ ಇಳಿಜಾರು ಮಾಡಿದ್ದಾರೆ. ಅದನ್ನು ಸರಿಮಾಡಲು ನಾನು ಹೋಗುವುದಿಲ್ಲ. ಮಳೆಗಾಲದ ಗುಂಡಿಗಳ ಲೆಕ್ಕ ಚುಕ್ತಾ ಮಾಡಲು ಅಕ್ಟೋಬರಿನಲ್ಲಿ ಮತ್ತೆ ಅದೇ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಮೂರು ಮರಳಿನ ಚೀಲ ಜೋಡಿಸಿಟ್ಟಿದ್ದ. "ಅಕ್ಕಿ ತರೂದು ಬೇಡ ಸರ," ಅಂದ.