ಆರು ಚೌಕಗಳಲ್ಲಿ ಅಡಗಿದ ಮೀನು: ಪೋಕೆಮಾನ್ ಎಮರಾಲ್ಡ್ ಆಟದ ವಿಮರ್ಶೆ

ಗೇಮ್ ಬಾಯ್ ಅಡ್ವಾನ್ಸ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕಾಗಿ 2004ರಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಬಿಡುಗಡೆಯಾದ ‘ಪೋಕೆಮಾನ್ ಎಮರಾಲ್ಡ್’ ಆಟವನ್ನು ಈಚೆಗೆ ಮತ್ತೊಮ್ಮೆ ಮೊದಲಿನಿಂದ ಆಡಿ ಮುಗಿಸಿದೆ. ಪೋಕೆಮಾನ್ ಎಂಬ ಕಲ್ಪಿತ ಜೀವಿಗಳನ್ನು ಹಿಡಿದು, ಬೆಳೆಸಿ, ಕಾಳಗಕ್ಕೆ ಇಳಿಸುವ ಆಟವಿದು. ಇಡೀ ಆಟದ ವಿಮರ್ಶೆಗೆ ಇಲ್ಲಿ ಕೈಹಾಕುವುದಿಲ್ಲ. ಫೀಬಾಸ್ ಎಂಬ ಬಡಕಲು ಮೀನನ್ನು ಹುಡುಕಿ ಹಿಡಿದು, ಅದನ್ನು ಮಿಲೋಟಿಕ್ ಆಗಿ ಬೆಳೆಸುವ ಕೆಲಸವೊಂದನ್ನೇ ತೆಗೆದುಕೊಂಡಿದ್ದೇನೆ. ಈ ಆಟದ ಅತ್ಯುತ್ತಮ ಗುಣವೂ ಅತಿ ದೊಡ್ಡ ಕೊರತೆಯೂ ನನಗೆ ಕಂಡದ್ದು ಈ ಒಂದು ಕೆಲಸದಲ್ಲಿಯೇ.

ಆಟದ ಕಥೆಯ ಕೊನೆಯಲ್ಲಿ ಎದುರಾಗುವ ಚಾಂಪಿಯನ್ ವ್ಯಾಲೇಸ್‌ನ ತಂಡದಲ್ಲಿ ಎಲ್ಲಕ್ಕಿಂತ ಮೇಲಿನ ಹಂತದಲ್ಲಿ (ಲೆವೆಲ್) ಇರುವ ಪೋಕೆಮಾನ್ ಮಿಲೋಟಿಕ್. ಅದರ ಆರು ಸಾಮರ್ಥ್ಯಗಳ ಮೂಲ ಅಂಕಿಗಳನ್ನು ಕೂಡಿದರೆ 540 ಆಗುತ್ತದೆ. ಫೀಬಾಸ್‌ನದು 200 ಮಾತ್ರ, ಅದರಲ್ಲಿಯೂ ದಾಳಿಯ ಬಲ ಬರೀ 15. ಹರಿದ ರೆಕ್ಕೆಯ, ಕಂದುಬಣ್ಣದ ಈ ಮೀನನ್ನು ನೋಡಿದವರು ಅದರೊಳಗೆ ಅಂಥ ಚೆಲುವಿನ ಜೀವವೊಂದು ಇದ್ದೀತೆಂದು ಊಹಿಸಲಾರರು. ಆಟ ಕೂಡ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಫೀಬಾಸ್ ಸಿಗುವುದು ರೂಟ್ 119ರ ಹೊಳೆಯಲ್ಲಿ. ಎತ್ತರದ ಹುಲ್ಲು ಮತ್ತು ಸುರಿಯುವ ಮಳೆಯ ನಡುವೆ ಫೋರ್ಟ್ರೀ ಊರಿನ ಕಡೆಗೆ ಏರುವ ಈ ದಾರಿಯುದ್ದಕ್ಕೂ ಹೊಳೆ ಬಳುಕಿಕೊಂಡು ಹರಿಯುತ್ತದೆ. ಗಾಳ ಹಾಕಬಹುದಾದ 400ಕ್ಕೂ ಹೆಚ್ಚು ನೀರಿನ ಚೌಕಗಳು ಅಲ್ಲಿವೆ. ಅವುಗಳಲ್ಲಿ ಕೇವಲ 6 ಚೌಕಗಳಲ್ಲಿ ಫೀಬಾಸ್ ಇರುತ್ತದೆ. ನೋಟಕ್ಕೆ ಎಲ್ಲ ಚೌಕಗಳೂ ಒಂದೇ. ಸರಿಯಾದ ಚೌಕದಲ್ಲಿಯೂ ಕಚ್ಚಿದ ಮೀನು ಫೀಬಾಸ್ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ಒಮ್ಮೆ ಮ್ಯಾಜಿಕಾರ್ಪ್‌ನಂಥ ಬೇರೆ ಮೀನು ಬಂತೆಂದು ಆ ಚೌಕವನ್ನು ಕೈಬಿಡುವಂತಿಲ್ಲ. ಸರಿಯಾದ ಚೌಕದಲ್ಲಿಯೂ ಸತತ ನಾಲ್ಕು ಬಾರಿ ಬೇರೆ ಮೀನೇ ಬಂದು ನಾವು ಫೀಬಾಸ್ ಅನ್ನು ತಪ್ಪಿಸಿಕೊಳ್ಳುವ ಸಂಭವ ಹದಿನಾರರಲ್ಲಿ ಒಂದರಷ್ಟಿರುತ್ತದೆ.

ಶಾಲೆಯ ಗಣಿತಕ್ಕೆ ಬಳಸುವ ಗ್ರಾಫ್ ಪುಸ್ತಕದಲ್ಲಿ ನಾನು ಹೊಳೆಯ ನಕ್ಷೆಯನ್ನು ಬರೆದುಕೊಂಡೆ. ಪರದೆಯ ಒಂದು ಚೌಕಕ್ಕೆ ಹಾಳೆಯ ಒಂದು ಚೌಕ; ಪ್ರತಿಯೊಂದರಲ್ಲಿಯೂ ನಾಲ್ಕು ಮೀನು ಬಂದ ಮೇಲೆ ಪೆನ್ಸಿಲಿನಿಂದ ಒಂದು ಗೀಟು. ಹಳೆಯ ಗಾಳವಾದ ಓಲ್ಡ್ ರಾಡ್ ಒಂದಿದ್ದರೆ ಈ ಕೆಲಸಕ್ಕೆ ಸಾಕು, ಏಕೆಂದರೆ ಆ ಆರು ಚೌಕಗಳಲ್ಲಿ ಯಾವ ಗಾಳಕ್ಕಾದರೂ ಫೀಬಾಸ್ ಕಚ್ಚುತ್ತದೆ. ಮೂರನೆಯ ಸಂಜೆ ಹಾಳೆಯ ಕಾಲುಭಾಗ ಬೂದುಬಣ್ಣಕ್ಕೆ ತಿರುಗಿದ್ದಾಗ, ತಿರುವೊಂದರ ಒಳಅಂಚಿನ ಚೌಕದಲ್ಲಿ ಎರಡನೆಯ ಎಳೆತಕ್ಕೆ ಪರದೆಯ ಮೇಲೆ ಆ ಕಂದುಮೀನು ಮೂಡಿತು. ಪೋಕೆಮಾನ್ ಹಿಡಿಯಲು ಎಸೆಯುವ ಚೆಂಡಾದ ಸಾಮಾನ್ಯ ಪೋಕೆಬಾಲ್‌ಗೇ ಅದು ಸಿಕ್ಕಿಬಿದ್ದಿತು. ಹುಡುಕುವುದು ಎಷ್ಟು ಕಷ್ಟವೋ ಹಿಡಿಯುವುದು ಅಷ್ಟೇ ಸುಲಭ.

ಈ ಆರು ಚೌಕಗಳನ್ನು ನಿರ್ಧರಿಸುವ ಬಗೆಯಲ್ಲಿ ಆಟದ ರಚನೆಯ ಸೊಗಸು ಕಾಣುತ್ತದೆ. ದೂರದ ಡ್ಯೂಫರ್ಡ್ ದ್ವೀಪದಲ್ಲಿ ಜನರ ಬಾಯಲ್ಲಿ ಸದಾ ಓಡಾಡುವ ಎರಡು ಪದಗಳ ಒಂದು ಹೊಸ ಮಾತಿರುತ್ತದೆ. ಆ ಮಾತು ಬದಲಾದರೆ ಹೊಳೆಯ ಆರು ಚೌಕಗಳೂ ಬದಲಾಗುತ್ತವೆ. ಒಂದು ಮೂಲೆಯ ಊರಿನ ಹುಡುಗನೊಬ್ಬನಿಗೆ ನಾವು ಹೇಳಿಕೊಟ್ಟ ಮಾತು ಇನ್ನೊಂದು ಮೂಲೆಯ ಹೊಳೆಯಲ್ಲಿ ಮೀನಿನ ತಾವನ್ನು ಕದಲಿಸುತ್ತದೆ ಎಂಬುದನ್ನು ಮೊದಲ ಬಾರಿ ತಿಳಿದಾಗ ನನಗೆ ಮೈಜುಮ್ಮೆಂದಿತ್ತು, ಈಗಲೂ ಆ ಭಾವ ಕಡಿಮೆಯಾಗಿಲ್ಲ. ದಿನ ಕಳೆದಂತೆ ಆ ಮಾತು ತಾನಾಗಿಯೂ ಬದಲಾಗಬಹುದಾದ್ದರಿಂದ, ಹುಡುಕಾಟ ಆರಂಭಿಸಿದವರು ಅದನ್ನು ವಾರಗಟ್ಟಲೆ ಎಳೆಯದಿರುವುದು ಒಳ್ಳೆಯದು. ಹುಡುಕಾಟದ ನಡುವೆ ಆ ಹುಡುಗನ ಬಳಿ ಹೋಗಲೇಬಾರದು.

ಇನ್ನು ಬೆಳೆಸುವ ವಿಚಾರ. ಫೀಬಾಸ್ ಎಷ್ಟು ಯುದ್ಧ ಗೆದ್ದರೂ ಅಷ್ಟಕ್ಕೇ ಬದಲಾಗುವುದಿಲ್ಲ. ಅದರ ಸೌಂದರ್ಯದ ಅಂಕ 170 ತಲುಪಬೇಕು, ಆ ಮೇಲೆ ಅದು ಒಂದು ಹಂತ ಮೇಲೇರಬೇಕು. ಸೌಂದರ್ಯ ಹೆಚ್ಚುವುದು ಪೋಕೆಬ್ಲಾಕ್ ಎಂಬ ತಿನಿಸಿನಿಂದ. ಅದನ್ನು ಲಿಲಿಕೋವ್ ಊರಿನ ಸ್ಪರ್ಧಾಭವನದ ಬೆರ್ರಿ ಬ್ಲೆಂಡರ್ ಎಂಬ ಯಂತ್ರದಲ್ಲಿ ಬೆರ್ರಿ ಹಣ್ಣುಗಳನ್ನು ನಾವೇ ಅರೆದು ಮಾಡಬೇಕು. ಐದು ರುಚಿಗಳ ಪೈಕಿ ಸೌಂದರ್ಯವನ್ನು ಹೆಚ್ಚಿಸುವ ರುಚಿಗೆ ಇಂಗ್ಲಿಷ್ ಆವೃತ್ತಿಯಲ್ಲಿ ‘ಡ್ರೈ’ ಎಂಬ ಹೆಸರಿದೆ. ಬಾಲ್ಯದಲ್ಲಿ ಈ ಪದ ನನಗೆ ಅರ್ಥವೇ ಆಗಿರಲಿಲ್ಲ, ಏಕೆಂದರೆ ಒಣಗಿರುವುದು ಒಂದು ರುಚಿಯಲ್ಲ. ಜಪಾನಿ ಮೂಲದಲ್ಲಿ ಅಲ್ಲಿರುವ ಪದ ‘ಶಿಬುಯಿ’. ಎಂದರೆ ಅಚ್ಚ ಕನ್ನಡದಲ್ಲಿ ಒಗರು. ಗೇರುಹಣ್ಣು ಕಚ್ಚಿದಾಗ ನಾಲಿಗೆಯನ್ನು ಹಿಡಿದೆಳೆಯುವ ಅದೇ ರುಚಿ. ಒಗರನ್ನು ಆರು ರಸಗಳಲ್ಲಿ ಒಂದೆಂದು ಎಣಿಸುವ ನಮಗೆ, ಇಂಗ್ಲಿಷಿನಲ್ಲಿ ಆಡುವವರಿಗಿಂತ ಈ ತಿನಿಸು ಹೆಚ್ಚು ಹತ್ತಿರದ್ದೆಂದು ನನ್ನ ನಂಬಿಕೆ.

ಚೆಸ್ಟೋ ಬೆರ್ರಿಯಲ್ಲಿರುವುದು ಒಗರು ರುಚಿ ಮಾತ್ರ, ಆದರೆ ಅದರ ಪ್ರಮಾಣ ಕಡಿಮೆ. ಪಾಮ್‌ಟ್ರೆಯಂಥ ಅಪರೂಪದ ಬೆರ್ರಿಯಲ್ಲಿ ಒಗರು ಬಹಳ ಹೆಚ್ಚು. ಇವನ್ನು ಮೆತ್ತನೆಯ ಮಣ್ಣಿನಲ್ಲಿ ಊರಿ, ನೀರು ಹಾಕಿ, ನಿಜವಾದ ಗಡಿಯಾರದ ಲೆಕ್ಕದಲ್ಲಿ ಕಾಯಬೇಕು. ಬ್ಲೆಂಡರ್‌ನಲ್ಲಿ ಮುಳ್ಳು ನಮ್ಮ ಗುರುತಿನ ಮುಂದೆ ಬಂದ ಗಳಿಗೆಯಲ್ಲೇ ಗುಂಡಿ ಒತ್ತಬೇಕು. ಕೈ ಪಳಗಿದಷ್ಟೂ ತಿನಿಸು ಚೆನ್ನಾಗಿ ಬರುತ್ತದೆ.

ನನ್ನ ಆಕ್ಷೇಪವಿರುವುದು ಮುಂದಿನ ಹಂತಕ್ಕೆ. ತಿನ್ನಿಸಿದ ಪ್ರತಿಯೊಂದು ಪೋಕೆಬ್ಲಾಕ್‌ನಿಂದಲೂ ಪೋಕೆಮಾನ್‌ನ ‘ಶೀನ್’ ಎಂಬ ಹೊಳಪಿನ ಅಂಕ ಏರುತ್ತದೆ, ಅದು 255 ಮುಟ್ಟಿದ ಮೇಲೆ ಆ ಜೀವ ಇನ್ನೊಂದು ತುತ್ತನ್ನೂ ತಿನ್ನುವುದಿಲ್ಲ. ಇಳಿಸಲು ದಾರಿಯಿಲ್ಲ. ಗೊತ್ತಿಲ್ಲದೆ ಕೀಳುಮಟ್ಟದ ತಿನಿಸುಗಳನ್ನು ತಿನ್ನಿಸಿದವರ ಫೀಬಾಸ್ ಸೌಂದರ್ಯ 170 ಮುಟ್ಟುವ ಮೊದಲೇ ಹೊಟ್ಟೆ ತುಂಬಿಸಿಕೊಂಡು, ಈ ಆಟದಲ್ಲಿ ಎಂದಿಗೂ ಫೀಬಾಸ್ ಆಗಿಯೇ ಉಳಿಯುತ್ತದೆ. ಪ್ರತಿ ಪೋಕೆಮಾನ್‌ಗೂ ಇರುವ ಸ್ವಭಾವದ ಲೆಕ್ಕವೂ ಇದಕ್ಕೆ ಸೇರಿಕೊಳ್ಳುತ್ತದೆ. ಮಾಡೆಸ್ಟ್, ಮೈಲ್ಡ್, ಕ್ವಯಟ್, ರ್ಯಾಶ್ ಸ್ವಭಾವದವು ಒಗರನ್ನು ಮೆಚ್ಚಿ ತಿನ್ನುವುದರಿಂದ ನೂರಕ್ಕೆ ಹತ್ತರಷ್ಟು ಹೆಚ್ಚು ಲಾಭ ಪಡೆಯುತ್ತವೆ. ಅಡಮೆಂಟ್, ಇಂಪಿಶ್, ಕೇರ್‌ಫುಲ್, ಜಾಲಿ ಸ್ವಭಾವದವುಗಳಿಗೆ ಅಷ್ಟೇ ನಷ್ಟ. ಮೂರು ಸಂಜೆ ಹೊಳೆಯ ದಂಡೆಯಲ್ಲಿ ಕಳೆದ ಮಗುವೊಂದಕ್ಕೆ ಈ ಶಿಕ್ಷೆ ನ್ಯಾಯವಲ್ಲ. ಹುಡುಕಾಟದ ಕಷ್ಟವನ್ನು ನಾನು ಮನಸಾರೆ ಒಪ್ಪುತ್ತೇನೆ, ಏಕೆಂದರೆ ಅಲ್ಲಿ ಎಷ್ಟು ಸೋತರೂ ಮತ್ತೆ ಗಾಳ ಹಾಕಬಹುದು. ತಿನ್ನಿಸಿದ ಮೇಲೆ ಸರಿಪಡಿಸಲಾಗದ ತಪ್ಪನ್ನು ಮುನ್ನೆಚ್ಚರಿಕೆಯಿಲ್ಲದೆ ಇಟ್ಟಿರುವುದನ್ನು ಒಪ್ಪಲಾರೆ.

ಆದರೂ ಒಂದು ದಾರಿ ಉಳಿದಿದೆ. ಸಿಕ್ಕಿದ ಚೌಕವನ್ನು ಮರೆಯದೆ ಅಲ್ಲಿಯೇ ಇನ್ನೂ ನಾಲ್ಕೈದು ಫೀಬಾಸ್ ಹಿಡಿದಿಟ್ಟುಕೊಂಡು, ಒಳ್ಳೆಯ ಸ್ವಭಾವದ್ದನ್ನು ಆರಿಸಿಕೊಳ್ಳಿ. ಸಿಂಕ್ರೊನೈಸ್ ಗುಣವಿರುವ ರಾಲ್ಟ್ಸ್ ಎಂಬ ಪೋಕೆಮಾನ್ ನಮ್ಮ ತಂಡದ ಮುಂದಿದ್ದರೆ, ಎಮರಾಲ್ಡ್‌ನಲ್ಲಿ ಎದುರಾಗುವ ಪೋಕೆಮಾನ್ ಅದರ ಸ್ವಭಾವವನ್ನೇ ಹೊಂದುವ ಸಾಧ್ಯತೆ ಅರ್ಧದಷ್ಟಿರುತ್ತದೆ. ಹೊಟ್ಟೆ ತುಂಬಿಹೋದ ಫೀಬಾಸ್ ಅನ್ನು ಡಿಟ್ಟೋ ಎಂಬ ಪೋಕೆಮಾನ್ ಜೊತೆಗೂಡಿಸಿ ಮೊಟ್ಟೆ ಪಡೆದರೂ ಆದೀತು. ಮರಿಯ ಶೀನ್ ಸೊನ್ನೆಯಿಂದ ಆರಂಭವಾಗುತ್ತದೆ.

ಈ ಆಟವನ್ನು ಈಗ ಹಳೆಯ ಕಾರ್ಟ್ರಿಡ್ಜ್ ರೂಪದಲ್ಲಿ ಕೊಳ್ಳುವವರು ಬ್ಯಾಟರಿಯ ಬಗ್ಗೆ ಕೇಳಲೇಬೇಕು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ನಾನು ತರಿಸಿದ ಕಾರ್ಟ್ರಿಡ್ಜ್ ಹೊರನೋಟಕ್ಕೆ ಹೊಸದರಂತಿತ್ತು, ಆದರೆ ಆಟ ತೆರೆದ ಕೂಡಲೇ ಒಳಗಿನ ಬ್ಯಾಟರಿ ಮುಗಿದಿದೆ, ಗಡಿಯಾರವನ್ನು ಅವಲಂಬಿಸಿದ ಘಟನೆಗಳು ನಡೆಯುವುದಿಲ್ಲ ಎಂಬ ಸಂದೇಶ ಬಂದಿತು. ಉಳಿಸಿದ ಆಟಕ್ಕೆ ಇದರಿಂದ ಧಕ್ಕೆಯಿಲ್ಲ. ಆದರೆ ನೆಟ್ಟ ಬೆರ್ರಿ ಬೆಳೆಯುವುದೇ ಇಲ್ಲ. ಬೆರ್ರಿಯಿಲ್ಲದೆ ಪೋಕೆಬ್ಲಾಕ್ ಇಲ್ಲ, ಪೋಕೆಬ್ಲಾಕ್ ಇಲ್ಲದೆ ಮಿಲೋಟಿಕ್ ಇಲ್ಲ. ವಾಚ್ ರಿಪೇರಿ ಮಾಡುವವರೊಬ್ಬರು ಹಳೆಯ ಬ್ಯಾಟರಿಯ ಬೆಸುಗೆ ಬಿಡಿಸಿ, ಕಾಲುಗಳಿರುವ ಹೊಸ ಸಿಆರ್1616 ಬ್ಯಾಟರಿಯನ್ನು ಕೂರಿಸಿಕೊಟ್ಟ ಮೇಲೆ, ಹೊಸದಾಗಿ ಆರಂಭಿಸಿದ ಆಟದಲ್ಲಿ ನನ್ನ ಗಿಡಗಳು ಚಿಗುರಿದವು.

ನಂತರದ ಆವೃತ್ತಿಗಳು ಬೇರೆ ಹಾದಿ ಹಿಡಿದಿವೆ. 2006ರ ಡೈಮಂಡ್ ಮತ್ತು ಪರ್ಲ್‌ನಲ್ಲಿ ಕೊರೊನೆಟ್ ಬೆಟ್ಟದೊಳಗಿನ ಕೊಳದಲ್ಲಿ 4 ಚೌಕಗಳು ಮಾತ್ರ, ಅವೂ ದಿನಕ್ಕೊಮ್ಮೆ ಬದಲಾಗುತ್ತವೆ. 2010ರ ಬ್ಲ್ಯಾಕ್ ಮತ್ತು ವೈಟ್‌ನಿಂದ ಪ್ರಿಸಂ ಸ್ಕೇಲ್ ಎಂಬ ವಸ್ತುವನ್ನು ಹಿಡಿಸಿ ಫೀಬಾಸ್ ಅನ್ನು ಇನ್ನೊಬ್ಬ ಆಟಗಾರರೊಂದಿಗೆ ವಿನಿಮಯ ಮಾಡಿಕೊಂಡರೆ ಅದು ಮಿಲೋಟಿಕ್ ಆಗಲು ಸಾಕಾಯಿತು. ಅದು ಅನುಕೂಲವೇ ಹೌದು. ಆದರೆ ಹೊಳೆ, ಹೊಲ, ಅರೆಯುವ ಯಂತ್ರ ಮತ್ತು ದೂರದ ಊರಿನ ಆಡುಮಾತು ಎಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಎಮರಾಲ್ಡ್‌ನ ಕ್ರಮವನ್ನೇ ನಾನು ಮೆಚ್ಚುತ್ತೇನೆ, ಜೀವಂತ ಬ್ಯಾಟರಿಯ ಕಾರ್ಟ್ರಿಡ್ಜ್ ಸಿಕ್ಕರೆ ಕೊಳ್ಳಿರೆಂದು ಧೈರ್ಯವಾಗಿ ಹೇಳುತ್ತೇನೆ.

ನನ್ನ ಫೀಬಾಸ್ 24ನೆಯ ಹಂತಕ್ಕೆ ಏರಿದ್ದು ರೂಟ್ 119ರ ಮಳೆಯಲ್ಲಿಯೇ, ಯಾವುದೋ ಸಣ್ಣ ಕಾಳಗದ ಕೊನೆಯಲ್ಲಿ. ಪರದೆ ಕಪ್ಪಾಗಿ, ಕಂದುಮೀನಿನ ಆಕಾರ ಬಿಳುಪಾಗಿ, ಹಿಗ್ಗಿ ಕುಗ್ಗಿ, ಉದ್ದಕ್ಕೆ ಬಳುಕಿದ ಗುಲಾಬಿ ಹುಬ್ಬುಗಳ ಮಿಲೋಟಿಕ್ ಕಾಣಿಸಿಕೊಂಡಿತು. ಗ್ರಾಫ್ ಹಾಳೆಯ ಆ ಚೌಕಕ್ಕೆ ಅಂದೇ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟೆ.