ಥೆರಪಿಸ್ಟ್ ಅಂದ್ರು, ನಂಬಿಬಿಟ್ಟೆ: ಹಿರಿಯರನ್ನು ಡೇ ಕೇರ್‌ಗೆ ಸೇರಿಸುವ ಮುಂಚೆ ಓದಿ

ಅಮ್ಮನಿಗೆ 74. ಅಪ್ಪ ಹೋದ ಮೇಲೆ ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ನಾನೂ ಹೆಂಡತಿಯೂ ಬೆಳಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಹಾಗಾಗಿ ಬೆಂಗಳೂರಿನ ನಮ್ಮ ಏರಿಯಾದಲ್ಲೇ ಇರುವ ಒಂದು ಡೇ ಕೇರ್‌ಗೆ ಸೇರಿಸಿದೆವು. ತಿಂಗಳಿಗೆ 14 ಸಾವಿರ, ವ್ಯಾನ್ ಸೇರಿ. ಹೆಸರು ಬರೆಯುವುದಿಲ್ಲ. ನೋಟಿಸ್ ಕೊಟ್ಟಿದ್ದೇನೆ, ವಿಷಯ ಇನ್ನೂ ನಡೀತಿದೆ.

ಅವರ ಬ್ರೋಷರ್‌ನಲ್ಲಿ ‘ತರಬೇತಿ ಪಡೆದ ಥೆರಪಿಸ್ಟ್‌ಗಳಿಂದ ದಿನವಿಡೀ ಚಟುವಟಿಕೆ’ ಅಂತಿತ್ತು. ನಾನು ಬಾತ್‌ರೂಮಿನಲ್ಲಿ ಹಿಡಿಕೆ ಇದೆಯಾ, ಅಡುಗೆಮನೆ ಚೊಕ್ಕಟವಾಗಿದೆಯಾ ಅಂತ ನೋಡಿದೆ. ಥೆರಪಿಸ್ಟ್ ಯಾರು ಅಂತ ಕೇಳಲೇ ಇಲ್ಲ.

ಮೊದಲ ಎರಡು ವಾರ ಅಮ್ಮ ಖುಷಿಯಾಗೇ ಇದ್ದಳು. ಚೌಕಾಬಾರದಲ್ಲಿ ಯಾರದೋ ಕಾಯಿ ಕಡಿದೆ ಅಂತ ದಿನಾ ವರದಿ. ಮೂರನೇ ವಾರ ಒಂದು ಸಂಜೆ ವ್ಯಾನಿನಿಂದ ಇಳಿಯುವಾಗ ಸೊಂಟ ಹಿಡಿದುಕೊಂಡಿದ್ದಳು. "ಯೋಗ ಮಾಡಿಸ್ತಿದ್ರು ಕಣೋ, ಬಗ್ಗಿದಾಗ ಬೆನ್ನಲ್ಲಿ ಏನೋ ಚಟ್ ಅಂತು" ಅಂದಳು. ಉಳುಕಿರಬೇಕು ಅಂದುಕೊಂಡೆವು. ಎಣ್ಣೆ ಹಚ್ಚಿ ಬಿಸಿನೀರಿನ ಚೀಲ ಇಟ್ಟೆವು. ಆ ಮೂರು ದಿನ ಸುಮ್ನೆ ಕಳೆದಿದ್ದು ನಮ್ಮದೇ ತಪ್ಪು. ನಾಲ್ಕನೇ ದಿನ ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆಯ ಒಂದು ಮೂಳೆ ಕುಸಿದಿತ್ತು. ಡಾಕ್ಟರ್ ಕೇಳಿದ ಮೊದಲ ಮಾತೇ "ಇವರನ್ನು ಮುಂದಕ್ಕೆ ಬಗ್ಗಿಸಿದ್ದು ಯಾರು?" ಮೂಳೆ ಸವೆತ (ಆಸ್ಟಿಯೋಪೊರೋಸಿಸ್) ಇರುವವರು ಮುಂದಕ್ಕೆ ಪೂರ್ತಿ ಬಗ್ಗಿದರೆ ಬೆನ್ನುಮೂಳೆ ಹೀಗೆ ಕುಸಿಯುವ ಸಾಧ್ಯತೆ ಜಾಸ್ತಿಯಂತೆ.

ನನಗೆ ಹೊಟ್ಟೆ ಉರಿದಿದ್ದು ಯಾಕೆ ಗೊತ್ತಾ? ಅಮ್ಮನಿಗೆ ಮೂಳೆ ಸವೆತ ಇದೆ ಅಂತ ಸೇರಿಸುವಾಗಲೇ ಹೇಳಿದ್ದೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್‌ನ ವರದಿಯ ಜೆರಾಕ್ಸ್ ಕೂಡ ಕೊಟ್ಟಿದ್ದೆ. ಅದು ಆಫೀಸಿನ ಬೀರುವಿನಲ್ಲಿ ಫೈಲಿನೊಳಗೆ ಭದ್ರವಾಗಿತ್ತು. ಯೋಗ ಮಾಡಿಸಿದವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ಅವಳು ಯಾರು ಅಂತ ಹೋಗಿ ನೋಡಿದೆ. ಇಪ್ಪತ್ತೆರಡರ ಹುಡುಗಿ, ಕೆಲಸಕ್ಕೆ ಸೇರಿದ್ದು ರಿಸೆಪ್ಷನ್‌ಗೆ. ಚಟುವಟಿಕೆ ನೋಡಿಕೊಳ್ಳುತ್ತಿದ್ದವರು ಬಿಟ್ಟು ಹೋಗಿ ಎರಡು ತಿಂಗಳಾಗಿತ್ತು, ಆ ಜಾಗಕ್ಕೆ ಇವಳನ್ನು ನಿಲ್ಲಿಸಿದ್ದರು. ಮೇಜಿನ ಮೇಲೆ ಸ್ಟೀಲ್ ಚೊಂಬಿಗೆ ಫೋನ್ ಒರಗಿಸಿ, ಅದರಲ್ಲಿ ಬರುವ ಯೋಗದ ವಿಡಿಯೋ ನೋಡುತ್ತಾ ಹನ್ನೊಂದು ಜನ ಹಿರಿಯರಿಗೆ ಮಾಡಿಸುತ್ತಿದ್ದಳಂತೆ. ಹೇಳುತ್ತಾ ಅತ್ತೇಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದು ಮ್ಯಾನೇಜರ್ ಮೇಲೆ. "ಯೋಗ ತಾನೇ ಸಾರ್, ಯಾರಿಗೆ ಬರಲ್ಲ?" ಅಂದರು. ಆಮೇಲೆ ನಾನು ಓದದೇ ಸಹಿ ಹಾಕಿದ್ದ ಫಾರಂ ತೆಗೆದು ಮುಂದಿಟ್ಟರು. ‘ಚಟುವಟಿಕೆಯಲ್ಲಿ ಆಗುವ ಪೆಟ್ಟಿಗೆ ನಾವು ಹೊಣೆಯಲ್ಲ’ ಅಂತ.

ಇದಕ್ಕೆಲ್ಲ ರೂಲ್ಸ್ ಇರಲ್ವಾ ಅಂತ ಹುಡುಕಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜಿಲ್ಲೆಗೊಂದು ವೃದ್ಧಾಶ್ರಮ, ಕನಿಷ್ಠ 150 ಜನಕ್ಕೆ ಜಾಗ, ಅಂತೆಲ್ಲ ಇದೆ. ಡೇ ಕೇರ್‌ನಲ್ಲಿ ಚಟುವಟಿಕೆ ಮಾಡಿಸುವವರು ಏನು ಓದಿರಬೇಕು ಅಂತ ಅದರಲ್ಲಿ ಒಂದು ಸಾಲೂ ಇಲ್ಲ. 2019ರಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆಯಲ್ಲಿ ಇಂಥ ಕೇಂದ್ರಗಳ ನೋಂದಣಿ, ಕನಿಷ್ಠ ಗುಣಮಟ್ಟದ ಮಾತಿತ್ತು. ಅದು ಕಾಯ್ದೆ ಆಗಲಿಲ್ಲ.

ನನ್ನ ತಂಗಿ ಅಮೆರಿಕದಲ್ಲಿ ಒಂದು ನರ್ಸಿಂಗ್ ಹೋಮ್‌ನಲ್ಲಿದ್ದಾಳೆ. ಅಲ್ಲಿ ಚಟುವಟಿಕೆ ವಿಭಾಗದ ಮುಖ್ಯಸ್ಥರಿಗೆ ಫೆಡರಲ್ ನಿಯಮವೇ ಇದೆ ಅಂದಳು. ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಓದಿರಬೇಕು, ಇಲ್ಲವೇ ಹಿಂದಿನ 5 ವರ್ಷದಲ್ಲಿ 2 ವರ್ಷ ಇದೇ ಥರದ ಕೆಲಸ ಮಾಡಿರಬೇಕು, ಇಲ್ಲವೇ ರಾಜ್ಯ ಒಪ್ಪಿದ ಕೋರ್ಸ್ ಮುಗಿಸಿರಬೇಕು, ಹೀಗೆ. ಡೇ ಕೇರ್‌ಗೆ ಅಲ್ಲಿ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮವಂತೆ. ಇಲ್ಲಿ ಯಾರು ಏನು ಓದಿದ್ದಾರೆ ಅಂತ ನೋಡುವ ಕೆಲಸ ನಾವೇ ಮಾಡಿಕೊಳ್ಳಬೇಕು.

ಹಾಗಾಗಿ ‘ಥೆರಪಿಸ್ಟ್’ ಅಂದ ತಕ್ಷಣ ಯಾವ ಥೆರಪಿಸ್ಟ್ ಅಂತ ಕೇಳಿ. ಫಿಸಿಯೋಥೆರಪಿಗೂ ಆಕ್ಯುಪೇಷನಲ್ ಥೆರಪಿಗೂ ನಾಲ್ಕು ವರ್ಷಕ್ಕೂ ಹೆಚ್ಚು ಓದುವ ಪದವಿ ಇದೆ, ಸರ್ಟಿಫಿಕೇಟ್ ತೋರಿಸಲು ಯಾರೂ ನಾಚಬೇಕಿಲ್ಲ. ಯೋಗ ಅಂದರೆ ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಸರ್ಟಿಫಿಕೇಟ್ ಇದೆಯಾ ಅಂತ ಕೇಳಬಹುದು. ಆ ವ್ಯಕ್ತಿ ರಜೆ ಹಾಕಿದರೆ, ಬಿಟ್ಟು ಹೋದರೆ ಯಾರು ಮಾಡಿಸ್ತಾರೆ ಅಂತ ಕೇಳೋದನ್ನಂತೂ ಮರೀಬೇಡಿ, ನಮಗೆ ಏಟು ಬಿದ್ದಿದ್ದು ಅಲ್ಲೇ. ಮೆಡಿಕಲ್ ವರದಿಯನ್ನು ಆಫೀಸಿಗೆ ಕೊಟ್ಟು ಬರಬೇಡಿ. ಚಟುವಟಿಕೆ ಮಾಡಿಸುವವರ ಕೈಗೇ ಕೊಟ್ಟು, ಏನು ಮಾಡಿಸಬಾರದು ಅಂತ ಬರೆಸಿಕೊಳ್ಳಿ. ಸೇರಿಸುವ ಮುಂಚೆ ಒಂದು ದಿನ ಹೇಳದೇ ಕೇಳದೇ ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಕೂತು ನೋಡಿ.

ಈಗಾಗಲೇ ಪೆಟ್ಟು ತಿಂದವರಿದ್ದರೆ, ಹಿರಿಯರ ಸಹಾಯವಾಣಿ 14567. ಸೇವೆಯಲ್ಲಿ ಲೋಪ ಅಂತ ಗ್ರಾಹಕ ಆಯೋಗಕ್ಕೂ ಹೋಗಬಹುದು, 2 ವರ್ಷದೊಳಗೆ. ಕೇಂದ್ರಕ್ಕೆ ಕಟ್ಟಿದ ಹಣ 5 ಲಕ್ಷದವರೆಗೆ ಇದ್ದರೆ ದೂರು ಕೊಡಲು ಶುಲ್ಕವಿಲ್ಲ. ರಸೀದಿ, ಬ್ರೋಷರ್ ಎರಡನ್ನೂ ಎತ್ತಿಡಿ.

ಅಮ್ಮ ಈಗ ಬೆನ್ನಿಗೆ ಬೆಲ್ಟ್ ಹಾಕಿಕೊಂಡು ಮನೆಯಲ್ಲಿದ್ದಾಳೆ. ಹೋದ ವಾರ ಇನ್ನೊಂದು ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿನ ಫಿಸಿಯೋ ನಾನು ಬಾಯಿ ಬಿಡುವ ಮೊದಲೇ ಡೆಕ್ಸಾ ವರದಿ ಕೇಳಿದರು. ಮನೆಗೆ ಬಂದು ಹೇಳಿದರೆ ಅಮ್ಮನದು ಒಂದೇ ಪ್ರಶ್ನೆ. "ಅದಿರ್ಲಿ, ಅಲ್ಲಿ ಚೌಕಾಬಾರ ಆಡೋರು ಇದ್ದಾರಾ?"